ಕೆರೆಯಂಗಳದ ಬೇಟೆಹಕ್ಕಿಗಳು: ಕಾಣುವ ಬಗೆ, ಉಳಿಸುವ ಬಗೆ



ಬೇಟೆಹಕ್ಕಿ ನೋಡಬೇಕೆಂದು ಕೆರೆಗೆ ಹೋದವರು ಏರಿ ಹತ್ತಿದ ಕೂಡಲೇ ತಲೆಯೆತ್ತಿ ಆಕಾಶ ಹುಡುಕುತ್ತಾರೆ. ಆಕಾಶವನ್ನು ಆಮೇಲೆ ನೋಡಿ, ಮೊದಲು ನೀರನ್ನು ನೋಡಿ ಎಂದು ನಾನು ಹೊಸಬರಿಗೆ ಹೇಳುತ್ತೇನೆ. ನಮ್ಮೆರಡು ಕಣ್ಣು ಕಾಣುವುದಕ್ಕೆ ಬಹಳ ಮುಂಚೆಯೇ ಕೆರೆಯಲ್ಲಿರುವ ನೂರಾರು ಜೋಡಿ ಕಣ್ಣುಗಳು ಬರುತ್ತಿರುವ ಬೇಟೆಗಾರನನ್ನು ಕಂಡಿರುತ್ತವೆ. ನಾಮದ ಕೋಳಿಗಳು ಅಲ್ಲೊಂದು ಇಲ್ಲೊಂದು ಮೇಯುತ್ತಿದ್ದವು ಇದ್ದಕ್ಕಿದ್ದಂತೆ ಒಂದರ ಪಕ್ಕ ಒಂದು ಒತ್ತಿಕೊಂಡು ಕಪ್ಪು ಚಾಪೆಯಂತಾದರೆ, ಜೊಂಡಿನ ಕಡೆಯಿಂದ ಯಾವುದೋ ದೊಡ್ಡ ಹಕ್ಕಿ ತಗ್ಗಿನಲ್ಲಿ ಹಾರಿ ಬರುತ್ತಿದೆ ಎಂದು ತಿಳಿಯಬೇಕು. ಕೆಸರಿನಲ್ಲಿದ್ದ ಗೊರವಗಳು ಒಟ್ಟಿಗೇ ಎದ್ದು, ಬಿಗಿಯಾದ ಗುಂಪಾಗಿ ಅತ್ತಿಂದಿತ್ತ ಹೊರಳತೊಡಗಿದರೆ ಆಗ ಕತ್ತೆತ್ತಿ ಮೇಲೆ ನೋಡಬೇಕು. ಅಲ್ಲಿ ಪೆರಿಗ್ರೀನ್ ಫಾಲ್ಕನ್ ಇರಬಹುದು. ಹಾರುವ ಹಕ್ಕಿಯನ್ನು ಗಾಳಿಯಲ್ಲೇ ಹೊಡೆಯುವುದು ಫಾಲ್ಕನ್ನಿನ ರೀತಿ. ಅದು ಬಂದಾಗ ಬಾತುಗಳು ಏಳುವುದಕ್ಕೆ ಹಿಂಜರಿದು ನೀರನ್ನೇ ಅವಚಿಕೊಳ್ಳುತ್ತವೆ. ಕುಳಿತ ಹಕ್ಕಿಯ ಮೇಲೆ ಎರಗುವ ಹದ್ದು ಬಂದರೆ ಅದೇ ಬಾತುಗಳು ಎದ್ದು ಹಾರುತ್ತವೆ. ನಮ್ಮ ಗರುಡ, ಅಂದರೆ ಬಿಳಿ ತಲೆಯ ಕೆಂಗಂದು ಹಕ್ಕಿ, ತಲೆಯ ಮೇಲೆ ಸುತ್ತಿದರೂ ಹೆಚ್ಚಿನ ಬಾತುಗಳು ಮೇವು ಬಿಡುವುದಿಲ್ಲ. ಯಾವ ಬೇಟೆಗಾರನಿಗೆ ಎಷ್ಟು ಹೆದರಬೇಕೆಂದು ಅವುಗಳಿಗೆ ಗೊತ್ತಿದೆ. ಆ ಹೆದರಿಕೆಯನ್ನು ಗಮನಿಸುವವನಿಗೆ ಪುಸ್ತಕ ತೆರೆಯುವ ಮೊದಲೇ ಅರ್ಧ ಉತ್ತರ ಸಿಕ್ಕಿರುತ್ತದೆ.

ಟಿಟ್ಟಿಭ ಮತ್ತು ಕಾಗೆ ಕೆರೆಯ ಕಾವಲುಗಾರರು. ಕಾಗೆಗಳು ಗುಂಪುಗೂಡಿ ಒಣಮರವೊಂದರ ಸುತ್ತ ಕಿರುಚುತ್ತಿದ್ದರೆ ಆ ಮರವನ್ನು ಕೊಂಬೆ ಕೊಂಬೆಯಾಗಿ ದುರ್ಬೀನಿನಲ್ಲಿ ನೋಡಿ. ನೆಲವನ್ನೂ ಮರೆಯಬೇಡಿ. ಹ್ಯಾರಿಯರ್ ಎಂಬ ಬೇಟೆಹಕ್ಕಿಗಳು ಮರದ ಮೇಲೆ ಕೂರುವುದಕ್ಕಿಂತ ನೆಲದ ಮೇಲೆ, ಮಣ್ಣಿನ ಹೆಂಟೆಯ ಮೇಲೆ ಕೂರುವುದೇ ಹೆಚ್ಚು. ದೊಡ್ಡ ಚುಕ್ಕೆ ಹದ್ದು ಬತ್ತಿದ ಕೆರೆಯಂಗಳದಲ್ಲಿ ತುಂಬಾ ಹೊತ್ತು ಅಲ್ಲಾಡದೆ ಕುಳಿತಿರುತ್ತದೆ. ದೂರದಿಂದ ನೋಡಿದವರು ಅದನ್ನು ಮರದ ಬೊಡ್ಡೆ ಎಂದುಕೊಂಡು ಮುಂದೆ ಹೋಗುತ್ತಾರೆ. ಬೆಳಗ್ಗೆಯಾದರೆ ಸೂರ್ಯ ಬೆನ್ನಿಗಿರುವಂತೆ ನಿಲ್ಲಿ. ಬೆಳಕಿಗೆ ಎದುರಾಗಿ ನೋಡಿದರೆ ಎಲ್ಲ ಬೇಟೆಹಕ್ಕಿಗಳೂ ಒಂದೇ ಕಪ್ಪು ಆಕೃತಿ. ನೆಲ ಕಾದು ಬಿಸಿಗಾಳಿ ಏಳುವ ಹೊತ್ತಿಗೆ, ಒಂಬತ್ತು ಹತ್ತು ಗಂಟೆಯ ಮೇಲೆ, ದೊಡ್ಡ ಹದ್ದುಗಳು ರೆಕ್ಕೆ ಬಡಿಯದೆ ಮೇಲೇರುತ್ತವೆ. ಹ್ಯಾರಿಯರ್ ನೋಡಬೇಕಾದರೆ ಮಾತ್ರ ಅಷ್ಟು ಹೊತ್ತು ಕಾಯಬಾರದು. ಅದು ಮುಂಜಾನೆಯ ಮತ್ತು ಇಳಿಸಂಜೆಯ ಹಕ್ಕಿ.

ಹ್ಯಾರಿಯರ್‌ಗಳಲ್ಲಿ ಒಂದಾದ ಮಾರ್ಷ್ ಹ್ಯಾರಿಯರ್ ಬಗ್ಗೆ ಇವತ್ತು ಸ್ವಲ್ಪ ವಿವರವಾಗಿಯೇ ಮಾತಾಡಬೇಕೆಂದಿದ್ದೇನೆ. ಕಾರಣವಿದೆ. ಚಳಿಗಾಲದಲ್ಲಿ ಕರ್ನಾಟಕದ ದೊಡ್ಡ ಕೆರೆಗಳಲ್ಲಿ ಹುಡುಕಿದವರಿಗೆ ಸಿಗುವ ಸಾಧ್ಯತೆ ಹೆಚ್ಚಿರುವ ವಲಸೆ ಬೇಟೆಹಕ್ಕಿ ಇದು. ಯುರೋಪು ಮತ್ತು ಮಧ್ಯ ಏಷ್ಯಾದ ಜೌಗುಗಳಲ್ಲಿ ಮರಿ ಮಾಡಿ, ಮಳೆಗಾಲ ಕಳೆದ ಮೇಲೆ ನಮ್ಮಲ್ಲಿಗೆ ಬಂದು, ಬೇಸಿಗೆ ಬಲಿಯುವ ಮೊದಲು ಹೊರಟುಹೋಗುತ್ತದೆ. ಅದರ ಹಾರಾಟವನ್ನು ಒಮ್ಮೆ ಕಂಡವರು ಮರೆಯಲಾರರು. ಜೊಂಡಿನ ತುದಿಗಿಂತ ಆಳೆತ್ತರ ಮೇಲೆ, ರೆಕ್ಕೆಗಳನ್ನು ಬೆನ್ನಿಗಿಂತ ಎತ್ತರಕ್ಕೆ ಹಿಡಿದು ತೇಲುತ್ತದೆ, ನಾಲ್ಕೈದು ಸಲ ನಿಧಾನವಾಗಿ ಬಡಿಯುತ್ತದೆ, ಮತ್ತೆ ತೇಲುತ್ತದೆ. ಕೆರೆಯ ಒಂದಂಚಿನಿಂದ ಇನ್ನೊಂದಂಚಿಗೆ ಹೋಗಿ, ತಿರುಗಿ, ಒಂದಿಷ್ಟೂ ಜಾಗ ಬಿಡದೆ ಬರುತ್ತದೆ. ಒಮ್ಮೆಲೇ ತಡೆದು, ಬಾಲ ಬಿಚ್ಚಿ, ಕಾಲು ಇಳಿಬಿಟ್ಟು ಜೊಂಡಿನೊಳಗೆ ಬೀಳುತ್ತದೆ. ಬಹಳ ಸಲ ಬರಿಗಾಲಲ್ಲೇ ಮೇಲೇಳುತ್ತದೆ. ಹ್ಯಾರಿಯರ್‌ಗಳ ಮುಖದ ಗರಿಗಳು ಗೂಬೆಯ ಮುಖದ ಹಾಗೆ ತಟ್ಟೆಯಾಕಾರದಲ್ಲಿ ಜೋಡಿಸಿಕೊಂಡು ಸದ್ದನ್ನು ಕಿವಿಗೆ ಒಯ್ಯುತ್ತವೆ. ಮಾರ್ಷ್ ಹ್ಯಾರಿಯರಿನಲ್ಲಿ ಆ ತಟ್ಟೆ ಉಳಿದ ಹ್ಯಾರಿಯರ್‌ಗಳಷ್ಟು ಎದ್ದು ಕಾಣುವುದಿಲ್ಲ. ಆದರೂ ಹುಲ್ಲಿನೊಳಗಿನ ಇಲಿ, ಕಪ್ಪೆ, ಗಾಯಗೊಂಡ ಬಾತುಗಳನ್ನು ಹುಡುಕಲು ಅದು ಅಷ್ಟು ತಗ್ಗಿನಲ್ಲಿ, ಅಷ್ಟು ನಿಧಾನವಾಗಿ ಹಾರುವುದರ ಹಿಂದೆ ಕಣ್ಣಿನ ಜೊತೆಗೆ ಕಿವಿಯ ಕೆಲಸವೂ ಇದೆ.

ಹೊಸಬರಿಗೆ ತೊಡಕಾಗುವುದು ಗರುಡನ ಮರಿ. ಬೆಳೆದ ಗರುಡವನ್ನು ಗುರುತಿಸದವರಿಲ್ಲ. ಅದರ ಮೊದಲ ವರ್ಷದ ಮರಿಗೆ ಬಿಳಿ ತಲೆಯೂ ಇಲ್ಲ, ಕೆಂಗಂದು ಮೈಯೂ ಇಲ್ಲ. ಕಂದು ಮೈ, ಮಂಕು ತಲೆ. ಹಾಗಾಗಿ ಹೆಣ್ಣು ಮಾರ್ಷ್ ಹ್ಯಾರಿಯರ್, ಮರಿ ಗರುಡ ಮತ್ತು ಊರ ಹದ್ದು, ಈ ಮೂರೂ ಕೆರೆಯ ಮೇಲೆ ಕಂದು ಹಕ್ಕಿಗಳೇ. ಬಣ್ಣ ಬಿಟ್ಟು ಬಾಲ ಮತ್ತು ರೆಕ್ಕೆಯ ಭಂಗಿ ನೋಡಿ. ಊರ ಹದ್ದಿನ ಬಾಲ ಕವಲು, ಹಾರುವಾಗ ಅದನ್ನು ಚುಕ್ಕಾಣಿಯಂತೆ ತಿರುಚುತ್ತಿರುತ್ತದೆ. ಗರುಡದ್ದು ದುಂಡು ಬಾಲ. ಎರಡೂ ತೇಲುವಾಗ ರೆಕ್ಕೆಗಳನ್ನು ತುಸು ಕೆಳಕ್ಕೆ ಬಾಗಿಸುತ್ತವೆ. ಹ್ಯಾರಿಯರ್ ಒಂದೇ ಮೇಲಕ್ಕೆ ಎತ್ತಿ ಹಿಡಿಯುವುದು. ಅದರ ಬಾಲವೂ ಉದ್ದ, ಕಿರಿದು. ಹೆಣ್ಣಿನ ನೆತ್ತಿ ಮತ್ತು ಗಂಟಲು ಕೆನೆಬಣ್ಣ, ಹೆಗಲ ಮೇಲೂ ಅದೇ ಬಣ್ಣ ಬಳಿದಂತಿರುತ್ತದೆ. ಗಂಡಿನ ರೆಕ್ಕೆಯಲ್ಲಿ ಕಂದು, ಬೂದು, ಕಪ್ಪು ಮೂರೂ ಬೇರೆಬೇರೆಯಾಗಿ ಕಾಣುತ್ತವೆ.

ಕೆರೆಗಳಲ್ಲಿ ನಾವು ಕಾಣುವ ಮಾರ್ಷ್ ಹ್ಯಾರಿಯರ್‌ಗಳಲ್ಲಿ ಕಂದು ಹಕ್ಕಿಗಳೇ ಏಕೆ ಜಾಸ್ತಿ ಎಂದು ಕೇಳುವವರುಂಟು. ಹೆಣ್ಣು ಮತ್ತು ಮರಿಗಳೆರಡೂ ಕಂದು ಎಂಬುದು ಒಂದು ಕಾರಣ. ಇನ್ನೊಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ಪಶ್ಚಿಮ ಫ್ರಾನ್ಸಿನ ಜೌಗುಗಳಲ್ಲಿ ಈ ಹಕ್ಕಿಯನ್ನು ಅಧ್ಯಯನ ಮಾಡಿದವರು 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅಲ್ಲಿನ ಗಂಡುಗಳಲ್ಲಿ ಶೇಕಡಾ 40ರಷ್ಟು ಜೀವನಪೂರ್ತಿ ಹೆಣ್ಣಿನಂಥ ಗರಿಗಳನ್ನೇ ಹೊತ್ತಿರುತ್ತವೆ. ಹೆಣ್ಣಿನಂತೆ ಕಾಣುವ ಗಂಡಿನ ಮೇಲೆ ಬೂದುರೆಕ್ಕೆಯ ಗಂಡುಗಳು ಅಷ್ಟಾಗಿ ಎರಗುವುದಿಲ್ಲ, ಅದರಿಂದ ಅವು ನೆಮ್ಮದಿಯಾಗಿ ಗೂಡು ಕಟ್ಟುತ್ತವೆ ಎಂಬುದು ಅವರ ತೀರ್ಮಾನ. ದಿನಚರಿಯಲ್ಲಿ 'ಹೆಣ್ಣು' ಎಂದು ಬರೆಯುವ ಬದಲು 'ಕಂದು ಗರಿ' ಎಂದು ಬರೆದರೆ ಸತ್ಯಕ್ಕೆ ಹತ್ತಿರವಿರುತ್ತೇವೆ.

ಇನ್ನು ಆಸ್ಪ್ರೆ. ಮೀನನ್ನು ಬಿಟ್ಟು ಬೇರೆ ಏನನ್ನೂ ಬಹುತೇಕ ತಿನ್ನದ ಹಕ್ಕಿ ಇದು. ತೆರೆದ ನೀರು ಬೇಕು. ಹಾಗಾಗಿ ಅದನ್ನು ಕಬಿನಿ, ಭದ್ರಾ, ತುಂಗಭದ್ರಾ ಜಲಾಶಯಗಳ ಹಿನ್ನೀರಿನಲ್ಲಿ ಹುಡುಕಬೇಕು. ಕಬಿನಿಯಲ್ಲಿ ಮುಳುಗಡೆಯಾದ ಕಾಡಿನ ಒಣಮರಗಳು ಇಂದಿಗೂ ನೀರಿನಿಂದ ತಲೆಯೆತ್ತಿ ನಿಂತಿವೆ. ಆಸ್ಪ್ರೆಗೆ ಅದಕ್ಕಿಂತ ಒಳ್ಳೆಯ ಪೀಠವಿಲ್ಲ. ಬಿಳಿ ಹೊಟ್ಟೆ, ಕಣ್ಣಿನ ಮೇಲೆ ಹಾದುಹೋಗುವ ದಪ್ಪ ಕಪ್ಪು ಗೆರೆ, ಮಣಿಕಟ್ಟಿನಲ್ಲಿ ಬಾಗಿದ ಉದ್ದನೆಯ ರೆಕ್ಕೆ. ನೀರಿನ ಮೇಲೆ ಎತ್ತರದಲ್ಲಿ ನಿಂತಲ್ಲೇ ರೆಕ್ಕೆ ಬಡಿದು, ಮೀನು ಕಂಡೊಡನೆ ಕಾಲುಗಳನ್ನು ಮುಂದೆ ಚಾಚಿ ಬೀಳುತ್ತದೆ. ಕೆಲವು ಸಲ ಮೈಯೆಲ್ಲ ಮುಳುಗುತ್ತದೆ. ಹೊರಗಿನ ಬೆರಳನ್ನು ಅದು ಹಿಂದಕ್ಕೆ ತಿರುಗಿಸಬಲ್ಲದು. ಎರಡು ಬೆರಳು ಮುಂದೆ, ಎರಡು ಹಿಂದೆ ಬಂದಾಗ ಜಾರುವ ಮೀನು ಜಾರುವುದಿಲ್ಲ. ಬೆರಳಿನಡಿಯ ಚರ್ಮದಲ್ಲಿ ಮುಳ್ಳಿನಂಥ ಹುರುಪೆಗಳೂ ಇವೆ. ಮೇಲೆದ್ದ ಮೇಲೆ ನಾಯಿಯಂತೆ ಮೈ ಕೊಡವಿ, ಮೀನಿನ ತಲೆ ಮುಂದಿರುವಂತೆ ಹಿಡಿದು, ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಮೇ ತಿಂಗಳ ಬಿಸಿಲಿನಲ್ಲೂ ಹಿನ್ನೀರಿನಲ್ಲಿ ಆಸ್ಪ್ರೆ ಕಂಡರೆ ಅಚ್ಚರಿಪಡಬೇಡಿ. ಮೊದಲ ಸಲ ವಲಸೆ ಬಂದ ಎಳೆಯ ಹಕ್ಕಿಗಳು ಮರುವರ್ಷ ಹಿಂದಿರುಗದೆ ದಕ್ಷಿಣದಲ್ಲೇ ಬೇಸಿಗೆ ಕಳೆಯುವುದುಂಟು.

ಅದೇ ಹಿನ್ನೀರಿನ ದಡದ ದೊಡ್ಡ ಮರಗಳಲ್ಲಿ ಬೂದುತಲೆಯ ಮೀನುಹದ್ದು ಇರುತ್ತದೆ. ಇದು ವಲಸೆ ಬಂದುಹೋಗುವುದಿಲ್ಲ, ಇಲ್ಲಿಯದೇ. ಕೂತಲ್ಲಿ ಕೂತು ಕಾದು ಮೀನು ಹಿಡಿಯುತ್ತದೆ. ಹಾರಿದಾಗ ಬಿಳಿ ಬಾಲದ ತುದಿಗೆ ಅಗಲವಾದ ಕಪ್ಪು ಪಟ್ಟಿ ಕಾಣುತ್ತದೆ. ಕಾವೇರಿಯ ಕಲ್ಲುಹಾಸಿನ ಹರಿವಿನಲ್ಲಿ ಕಾಣುವ ಚಿಕ್ಕ ಮೀನುಹದ್ದಿಗೆ ಈ ಬಗೆಯ ಬಿಳಿ ಬಾಲವಿಲ್ಲ. ಕರಾವಳಿಗೆ ಹೋದರೆ ಬಿಳಿಹೊಟ್ಟೆಯ ಕಡಲಹದ್ದು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪ ಅದರ ಗೂಡುಗಳಿಗೆ ಹೆಸರುವಾಸಿ. ಅಘನಾಶಿನಿಯ ಅಳಿವೆಯಲ್ಲಿ ಗಡಿಯಾರಕ್ಕಿಂತ ಉಬ್ಬರ-ಇಳಿತವೇ ಮುಖ್ಯ. ನೀರಿಳಿದು ಕೆಸರು ತೆರೆದುಕೊಂಡಾಗ ಗೊರವಗಳು ಇಳಿಯುತ್ತವೆ, ಗೊರವಗಳ ಹಿಂದೆ ಬೇಟೆಗಾರರು ಬರುತ್ತಾರೆ.

ಕಾಣುವ ಬಗೆ ಇಷ್ಟು, ಇನ್ನು ಉಳಿಸುವ ಬಗೆ. ನಮ್ಮ ನಾಡಿನ ಹಕ್ಕಿಗಳ ಕ್ರಮಬದ್ಧ ಸಮೀಕ್ಷೆಯನ್ನು ಪಕ್ಷಿತಜ್ಞ ಸಲೀಂ ಅಲಿಯವರು ಮೈಸೂರು ಸಂಸ್ಥಾನದಲ್ಲಿ ಮಾಡಿದ್ದು 1939-40ರಲ್ಲಿ. ರಂಗನತಿಟ್ಟು ಪಕ್ಷಿಧಾಮವಾದದ್ದು ಅದರ ಬೆನ್ನಿಗೇ, 1940ರಲ್ಲಿ. ಕೊಕ್ಕರೆ ಬೆಳ್ಳಕ್ಕಿಗಳ ಗೂಡುಗಳಿಗಾಗಿ ಒಂದು ಜಾಗವನ್ನು ಕಾಯಬೇಕೆಂಬ ತಿಳಿವಳಿಕೆ ಆಗಲೇ ಬಂತು. ಬೇಟೆಹಕ್ಕಿಗಾಗಿ ಜಾಗ ಕಾಯಬೇಕೆಂಬ ತಿಳಿವಳಿಕೆ ಬರಲು ಇನ್ನೂ ಬಹಳ ಕಾಲ ಹಿಡಿಯಿತು. ಅವುಗಳನ್ನೇ ಕುರಿತ ವಿಸ್ತಾರವಾದ ಗ್ರಂಥ, ರಿಷಾದ್ ನವರೋಜಿಯವರದು, ಹೊರಬಂದದ್ದು 2006ರಲ್ಲಿ. ಈ ತಡಕ್ಕೊಂದು ಕಾರಣ ಹೀಗಿರಬಹುದು: ಕೊಕ್ಕರೆಗಳು ಒಂದೇ ಮರಕ್ಕೆ ನೂರಾರು ಬಂದು ಕೂರುತ್ತವೆ, ಎಲ್ಲರ ಕಣ್ಣಿಗೂ ಬೀಳುತ್ತವೆ. ಬೇಟೆಹಕ್ಕಿ ಒಂಟಿ. ಇಡೀ ಕೆರೆಗೆ ಎರಡೋ ಮೂರೋ. ಅವು ಬಾರದೆ ಹೋದ ವರ್ಷವೂ ಕೆರೆ ತುಂಬಿದಂತೆಯೇ ಕಾಣುತ್ತದೆ.

ಅವು ಇಲ್ಲವಾದುದು ತಡವಾಗಿ ಗೊತ್ತಾಗುತ್ತದೆ ಎಂಬುದಕ್ಕೆ ಡಿಡಿಟಿ ಎಂಬ ಕೀಟನಾಶಕದ ಕತೆ ಸಾಕು. ಬ್ರಿಟನ್ನಿನಲ್ಲಿ ಪೆರಿಗ್ರೀನ್‌ಗಳ ಗೂಡಿನಲ್ಲಿ ಮೊಟ್ಟೆಗಳು ಒಡೆದು ಸಿಗುತ್ತಿದ್ದುದನ್ನು ಗಮನಿಸಿದ ವಿಜ್ಞಾನಿ ಡೆರೆಕ್ ರಾಟ್‌ಕ್ಲಿಫ್, ಹಳೆಯ ಸಂಗ್ರಹಗಳ ಮೊಟ್ಟೆಚಿಪ್ಪುಗಳೊಂದಿಗೆ ಹೋಲಿಸಿ, ಚಿಪ್ಪು ತೆಳುವಾಗಿದೆ ಎಂದು 1967ರಲ್ಲಿ ತೋರಿಸಿದರು. ಹೊಲಕ್ಕೆ ಹೊಡೆದ ವಿಷ ಹುಳುವಿಗೆ, ಹುಳುವಿನಿಂದ ಚಿಕ್ಕ ಹಕ್ಕಿಗೆ, ಅಲ್ಲಿಂದ ಫಾಲ್ಕನ್ನಿಗೆ ಏರುತ್ತ, ಏರಿದಷ್ಟೂ ಸಾಂದ್ರವಾಗುತ್ತ ಹೋಗಿತ್ತು. ಅಮೆರಿಕದಲ್ಲಿ ಆಸ್ಪ್ರೆಗಳು ಅದೇ ವಿಷದಿಂದ ಕುಸಿದವು. ಅಲ್ಲಿ 1972ರಲ್ಲಿ ಡಿಡಿಟಿ ನಿಷೇಧವಾದ ಮೇಲೆ ಚೇತರಿಸಿಕೊಂಡವು. ನಮ್ಮ ಕೆರೆಗಳಲ್ಲಿ ಈ ಸರಪಳಿ ಇನ್ನೂ ನೇರ. ಜಲಾನಯನದ ಹೊಲ, ತೋಟ, ಕಾರ್ಖಾನೆಗಳಿಂದ ತೊಳೆದುಬಂದದ್ದೆಲ್ಲ ಸೇರುವುದು ಕೆರೆಗೇ. ಮೀನು ಅದರಲ್ಲೇ ಉಸಿರಾಡುತ್ತದೆ. ಆ ಮೀನನ್ನು ಗರುಡ ತಿನ್ನುತ್ತದೆ, ಆಸ್ಪ್ರೆ ತಿನ್ನುತ್ತದೆ, ನಾವೂ ತಿನ್ನುತ್ತೇವೆ.

ತುತ್ತತುದಿಯ ಬೇಟೆಗಾರ ಇಲ್ಲವಾದರೆ ಕೆಳಗೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ಒಂದು ಪಾಠವಿದೆ, ಕೆರೆಯದಲ್ಲದಿದ್ದರೂ ಇಲ್ಲಿ ಹೇಳುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದ ಸಾತಾರ ಬಳಿಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ನಡೆಸಿದ ಅಧ್ಯಯನ 2018ರಲ್ಲಿ ಬಂತು. ಗಾಳಿಯಂತ್ರಗಳು ಇದ್ದಲ್ಲಿ ಬೇಟೆಹಕ್ಕಿಗಳು ಬಹಳ ಕಡಿಮೆಯಾಗಿದ್ದವು, ಅಲ್ಲಿ ನೆಲದ ಓತಿಗಳು ಹೆಚ್ಚಿದ್ದವು. ಆ ಓತಿಗಳ ವರ್ತನೆಯೂ ಮೈಯ ಸ್ಥಿತಿಯೂ ಬದಲಾಗಿತ್ತು. ಗದಗ ಸೀಮೆಯಲ್ಲೂ ಗಾಳಿಯಂತ್ರಗಳು ಸಾಲುಸಾಲಾಗಿ ನಿಂತಿವೆ. ಅದೇ ಸೀಮೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಗಾಳಿವಿದ್ಯುತ್ ಬೇಡವೆಂದು ನಾನು ಹೇಳಲಾರೆ. ಯಂತ್ರ ನಿಲ್ಲಿಸುವ ಜಾಗ ಆರಿಸುವಾಗ ಕೆರೆಗಳ ನಡುವಿನ ಹಕ್ಕಿದಾರಿಗಳನ್ನು ಕೇಳಿ ತಿಳಿಯಬೇಕು ಎಂದು ಖಂಡಿತ ಹೇಳುತ್ತೇನೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಕೆರೆ ಎಂದರೆ ನಮ್ಮ ಮನಸ್ಸಿಗೆ ಬರುವುದು ನೀರು. ಬೇಟೆಹಕ್ಕಿಯ ಕೆರೆ ಅದಕ್ಕಿಂತ ದೊಡ್ಡದು. ತುಂಬಿದ ನೀರು ಅದರ ಒಂದು ಭಾಗ. ಅಂಚಿನ ಜೊಂಡು, ಆಪು, ನೀರಿಳಿದಾಗ ತೆರೆಯುವ ಕೆಸರು, ಅದರಾಚೆಯ ಹುಲ್ಲು, ಗೋಮಾಳ, ಒಂದೆರಡು ಒಣಮರ, ಇವೆಲ್ಲ ಸೇರಿದರೆ ಅದರ ಕೆರೆ. ಹಗಲು ಜೊಂಡಿನ ಮೇಲೆ ಬೇಟೆಯಾಡುವ ಹ್ಯಾರಿಯರ್ ಕತ್ತಲಾಗುವ ಹೊತ್ತಿಗೆ ಎತ್ತರದ ಹುಲ್ಲಿನಲ್ಲಿ, ನೆಲದ ಮೇಲೆ, ತನ್ನಂಥ ಹಲವರ ಜೊತೆ ರಾತ್ರಿ ಕಳೆಯುತ್ತದೆ. ಗುಜರಾತಿನ ವೇಳಾವದರ್ ಹುಲ್ಲುಗಾವಲಿನಲ್ಲಿ ಒಂದು ಕಾಲಕ್ಕೆ ಹೀಗೆ ಸಾವಿರಕ್ಕೂ ಹೆಚ್ಚು ಹ್ಯಾರಿಯರ್‌ಗಳು ಸೇರುತ್ತಿದ್ದವು. ಬೆಂಗಳೂರಿನ ಏಟ್ರೀ ಸಂಸ್ಥೆಯ ಟಿ. ಗಣೇಶ್ ಮತ್ತು ಎಂ.ಬಿ. ಪ್ರಶಾಂತ್ ದೇಶದ ಇಂಥ ತಂಗುದಾಣಗಳ 30 ವರ್ಷಗಳ ಎಣಿಕೆಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದರು. ಚಳಿಗಾಲಕ್ಕೆ ಬರುವ ಹ್ಯಾರಿಯರ್‌ಗಳ ಸಂಖ್ಯೆ ಇಳಿಯುತ್ತಿದೆ ಎಂಬುದೇ ಅದರ ಸೂಚನೆ. ಕೆರೆಯ ನೀರನ್ನು ಎಷ್ಟು ಚೆನ್ನಾಗಿ ಉಳಿಸಿದರೂ ಪಕ್ಕದ ಹುಲ್ಲು ಹೋದರೆ ಅದರ ಮನೆ ಹೋಯಿತು.

ಹೆಸರಘಟ್ಟವನ್ನು ನೋಡಿ. ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಈ ಕೆರೆಯಿಂದ ಬೆಂಗಳೂರಿಗೆ ಕೊಳವೆ ನೀರು ಹರಿದದ್ದು 1890ರ ದಶಕದಲ್ಲಿ. ನಗರ ಬೆಳೆಯಿತು, ಜಲಾನಯನ ಕೆಟ್ಟಿತು, ಕೆರೆ ವರ್ಷಗಟ್ಟಲೆ ಬತ್ತಿತು. ಬತ್ತಿದ ಅಂಗಳದಲ್ಲಿ ಮತ್ತು ಪಕ್ಕದ ಬಯಲಿನಲ್ಲಿ ಹುಲ್ಲು ಬೆಳೆಯಿತು. ಆ ಹುಲ್ಲಿಗೆ ಮಾರ್ಷ್, ಮಾಂಟೆಗ್ಯೂ, ಪ್ಯಾಲಿಡ್ ಹ್ಯಾರಿಯರ್‌ಗಳು ಬಂದವು, ಚುಕ್ಕೆ ಹದ್ದುಗಳು ಬಂದವು. ಜಾಗತಿಕವಾಗಿ ಅಪಾಯದಲ್ಲಿರುವ ದೊಡ್ಡ ಚುಕ್ಕೆ ಹದ್ದೂ ಅವುಗಳಲ್ಲೊಂದು. ಮಹಾನಗರವೊಂದರ ಅಂಚಿನಲ್ಲಿ ಇಂಥ ಜಾಗ ದೇಶದಲ್ಲೇ ಅಪರೂಪ. ಅದನ್ನು ಬರಡು ಬಯಲೆಂದು ಕರೆದು ಫಿಲ್ಮ್ ಸಿಟಿ ಕಟ್ಟುವ ಪ್ರಸ್ತಾಪವೂ ಆಯಿತು. ಸಂರಕ್ಷಣಾ ಮೀಸಲು ಮಾಡಬೇಕೆಂಬ ಬೇಡಿಕೆಯನ್ನು 2021ರಲ್ಲಿ ತಳ್ಳಿಹಾಕಿದ ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿತು. ನಡುವಿನ ಆ ವರ್ಷಗಳಲ್ಲಿ ವಾರವಾರವೂ ಹಕ್ಕಿಪಟ್ಟಿ ಬರೆದಿಟ್ಟ ಹವ್ಯಾಸಿಗಳ ದಾಖಲೆಗಳು ಈ ಬದಲಾವಣೆಗೆ ಬಲ ಕೊಟ್ಟವು ಎಂದು ನಾನು ನಂಬಿದ್ದೇನೆ.

ಉಳಿದ ಕೆರೆಗಳ ಗತಿ ಬೇರೆ. ಕೆರೆ ಅಭಿವೃದ್ಧಿಯ ಅಂದಾಜುಪಟ್ಟಿಗಳಲ್ಲಿ ಒಂದೇ ಮಾದರಿ ಕಾಣುತ್ತದೆ: ಹೂಳೆತ್ತುವುದು, ಜೊಂಡು ಕೀಳುವುದು, ಸುತ್ತ ಕಲ್ಲು ಕಟ್ಟುವುದು, ನಡಿಗೆಯ ದಾರಿ, ದೀಪದ ಕಂಬ. ಹೂಳೆತ್ತುವುದು ಬೇಕು, ನಾನು ಅದಕ್ಕೆ ವಿರೋಧಿಯಲ್ಲ. ನಮ್ಮ ಹಿರಿಯರು ಪ್ರತಿ ಬೇಸಿಗೆ ಹೂಳು ತೆಗೆದು ಹೊಲಕ್ಕೆ ಹೊಡೆಯುತ್ತಿದ್ದರು. ಆದರೆ ಅವರು ಕೆರೆಯನ್ನು ಬೋಗುಣಿಯಂತೆ ಸುತ್ತಲೂ ಒಂದೇ ಆಳಕ್ಕೆ ಕೊರೆಯಲಿಲ್ಲ. ಏರಿಯ ಬುಡದಲ್ಲಿ ಆಳ, ಹಿನ್ನೀರಿನ ಕಡೆ ಇಳಿಜಾರು ಹಾಗೆಯೇ ಉಳಿಯುತ್ತಿತ್ತು. ಆ ಇಳಿಜಾರಿನಲ್ಲೇ ಕೆಸರು, ಕೆಸರಿನಲ್ಲೇ ಗೊರವ, ಜೊಂಡಿನಲ್ಲೇ ಜಂಬುಕೋಳಿ, ಅವುಗಳ ಮೇಲೆ ಹ್ಯಾರಿಯರ್. ಸುತ್ತಲೂ ಕಡಿದಾದ ದಡ ಮಾಡಿದ ಕೆರೆಯಲ್ಲಿ ನೀರುಕಾಗೆ ಉಳಿಯುತ್ತದೆ, ಊರ ಹದ್ದು ಉಳಿಯುತ್ತದೆ. ಹ್ಯಾರಿಯರ್ ಬರುವುದಿಲ್ಲ. ಹುಲ್ಲಿನ ಬಯಲಿಗೆ ಗಿಡ ನೆಡುವ ವನಮಹೋತ್ಸವವೂ ಅದೇ ಹಾನಿ ಮಾಡುತ್ತದೆ. ಮರವಿಲ್ಲದಿರುವುದೇ ಕೆಲವು ಜಾಗಗಳ ಸಂಪತ್ತು ಎಂದು ಅಧಿಕಾರಿಗಳಿಗೆ ಒಪ್ಪಿಸುವುದು ಕಷ್ಟದ ಕೆಲಸ. ಆದರೂ ಒಪ್ಪಿಸಲೇಬೇಕು.

ರಂಗನತಿಟ್ಟು 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್‌ಸರ್ ಪಟ್ಟಿಗೆ ಸೇರಿತು. ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಅಳಿವೆ 2024ರ ಆರಂಭದಲ್ಲಿ ಆ ಪಟ್ಟಿಗೆ ಸೇರಿದವು. ಸಂತೋಷದ ಸಂಗತಿ. ಮಾಗಡಿಯೂ ಅಂಕಸಮುದ್ರವೂ ನೀರಾವರಿಗೆಂದು ಕಟ್ಟಿದ ಊರಿನ ಕೆರೆಗಳು ಎಂಬುದನ್ನು ಗಮನಿಸಿ. ಕಾಡಿನ ನಡುವಿನವಲ್ಲ. ಊರವರು ಜಾಗ ಬಿಟ್ಟುಕೊಟ್ಟದ್ದರಿಂದ ಹಕ್ಕಿಗಳು ಉಳಿದವು. ಅಂಥ ಮನಸ್ಸಿರುವ ಊರುಗಳು ಕರ್ನಾಟಕದಲ್ಲಿ ಇನ್ನೂ ಬಹಳಷ್ಟಿವೆ.

ನೋಡಲು ಹೋಗುವವರಿಗೂ ಒಂದು ಮಾತು. ಬೇಟೆಹಕ್ಕಿಯ ಹತ್ತಿರ ಹತ್ತಿರ ಹೋಗಿ ಫೋಟೋ ತೆಗೆಯುವ ಆಸೆ ಅದರ ಹೊಟ್ಟೆಯ ಮೇಲೆ ಹೊಡೆಯುತ್ತದೆ. ಒಮ್ಮೆ ಎಬ್ಬಿಸಿದರೆ ಅದರ ಆ ಹೊತ್ತಿನ ಬೇಟೆ ಹಾಳು. ತಂಗುದಾಣದ ಹುಲ್ಲಿನೊಳಗೆ ಸಂಜೆ ಕಾಲಿಡಬೇಡಿ. ಗೂಡಿರುವ ಮರದ ಗುರುತನ್ನು ಮೊಬೈಲಿನಲ್ಲಿ ಹಂಚಬೇಡಿ. ಬದಲಿಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದಿನ, ಹೊತ್ತು, ನೀರಿನ ಮಟ್ಟ, ಯಾವ ಹಕ್ಕಿ, ಎಷ್ಟು, ಏನು ಮಾಡುತ್ತಿತ್ತು, ಜೊಂಡು ಎಷ್ಟು ಉಳಿದಿದೆ ಎಂದು ಬರೆಯಿರಿ. ಏನೂ ಕಾಣದ ದಿನವನ್ನೂ ಬರೆಯಿರಿ, ಅದೂ ದಾಖಲೆಯೇ. ಹೀಗೆ ಹಲವು ವರ್ಷ ಬರೆದಿಟ್ಟ ಶಾಲಾ ಮಕ್ಕಳ ಪುಸ್ತಕವೊಂದು ನಾಳೆ ಯಾವುದೋ ಕಚೇರಿಯಲ್ಲಿ ಒಂದು ಕೆರೆಯ ಪರವಾಗಿ ಸಾಕ್ಷಿ ಹೇಳಬಹುದು.

ಈ ಸಭೆಯಲ್ಲಿ ಗ್ರಾಮ ಪಂಚಾಯಿತಿಯ ಸದಸ್ಯರಿದ್ದೀರಿ, ಕೆರೆ ಬಳಕೆದಾರರ ಸಂಘದವರಿದ್ದೀರಿ, ಎಂಜಿನಿಯರುಗಳಿದ್ದೀರಿ. ನಿಮ್ಮಲ್ಲಿ ನನ್ನದೊಂದು ಕೋರಿಕೆ. ಈ ಬೇಸಿಗೆಯಲ್ಲಿ ನಿಮ್ಮ ಊರ ಕೆರೆಯ ಹೂಳೆತ್ತುವ ಅಂದಾಜುಪಟ್ಟಿ ಬರೆಯುವಾಗ ಕೋಡಿಯ ಆಚೆಗಿನ ಒಂದು ಬದಿಯ ಜೊಂಡನ್ನೂ ಅದರ ಹಿಂದಿನ ಹುಲ್ಲನ್ನೂ ಮುಟ್ಟಬಾರದೆಂದು ನಕ್ಷೆಯಲ್ಲೇ ಗೆರೆ ಎಳೆದು ಸಹಿ ಮಾಡಿ. ಆ ಕೆಲಸಕ್ಕೆ ಹಣ ಬೇಕಿಲ್ಲ, ಬೇರೆ ಇಲಾಖೆಯ ಒಪ್ಪಿಗೆಯನ್ನು ಕಾಯಬೇಕಾಗಿಯೂ ಇಲ್ಲ. ನವೆಂಬರಿನಲ್ಲಿ ಒಂದು ಬೆಳಗ್ಗೆ ಊರ ಮಕ್ಕಳನ್ನು ಏರಿಯ ಮೇಲೆ ಕರೆದುಕೊಂಡು ಹೋಗಿ, ಆ ಬದಿಗೆ ಯಾವ ಹಕ್ಕಿ ಬಂದಿದೆ ಎಂದು ಅವರಿಂದಲೇ ಬರೆಸಿ.